ಕತೀಡ್ರಲ್ ಗಾತ್ರದ ಚರ್ಚ್ ಮಾಯ ಆಗಿದ್ದು ಹೆಂಗೆ?

ಹೋದ ಸಂಚಿಕೆಯ ಪ್ರಶ್ನೋತ್ತರದಲ್ಲಿ ಇಂಗ್ಲೆಂಡಿನ ದಕ್ಷಿಣ ಭಾಗದ ಲೂಯಿಸ್ ಅನ್ನೋ ಊರಿನ ಬಗ್ಗೆ ನಾಲ್ಕೇ ನಾಲ್ಕು ಸಾಲು ಬಂದಿತ್ತು, ಅಲ್ಲಿನ ಸೇಂಟ್ ಪ್ಯಾಂಕ್ರಾಸ್ ಮಠದ ಚರ್ಚ್ 420 ಅಡಿಗಿಂತ ಉದ್ದ ಇತ್ತು, ಈಗ ಆ ಜಾಗದ ಮೇಲೆ ರೈಲು ಓಡುತ್ತೆ ಅಂತ. ಅಷ್ಟಕ್ಕೇ ಪ್ರಶ್ನೆಗಳ ರಾಶಿ ಬಿದ್ದಿದೆ. ಒಂದೇ ಥರದ್ದನ್ನೆಲ್ಲಾ ಸೇರಿಸಿ ಈ ಸಲದ ಪೂರ್ತಿ ಅಂಕಣ ಅದಕ್ಕೇ ಬಿಟ್ಟಿದ್ದೀನಿ, ಬೇರೆ ವಿಷಯ ಕೇಳಿದವರು ಇನ್ನೊಂದು ಸಂಚಿಕೆ ತಡ್ಕೊಳ್ಳಿ.

ಪ್ರಶ್ನೆ: ಸರ್, 420 ಅಡಿ ಅಂದ್ರೆ ಏನು ಸಣ್ಣದಾ? ಅಂಥ ಕಟ್ಟಡ ಹೇಳಹೆಸರಿಲ್ಲದ ಹಾಗೆ ಹೋಗೋಕೆ ಏನಾಯ್ತು? ಭೂಕಂಪನಾ, ಬೆಂಕಿನಾ, ಯುದ್ಧದಲ್ಲಿ ಬಾಂಬ್ ಬಿತ್ತಾ?

ಉತ್ತರ: ಮೂರೂ ಅಲ್ಲ. ಸಂಬಳ ಕೊಟ್ಟು ಕೆಲಸದವರನ್ನ ಕರೆಸಿ, ಅಳತೆ ಗಿಳತೆ ಎಲ್ಲಾ ಮಾಡಿ ಕೆಡವಿಸಿದ್ದು. ಸ್ವಲ್ಪ ಹಿಂದಿನಿಂದ ಹೇಳ್ತೀನಿ. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡ್ ಗೆದ್ದಾಗ ಅವನ ಜೊತೆಗಿದ್ದ ಸರದಾರರಲ್ಲಿ ವಿಲಿಯಂ ಡಿ ವಾರೆನ್ ಅನ್ನೋನೊಬ್ಬ, ಅವನ ಪಾಲಿಗೆ ಲೂಯಿಸ್ ಸುತ್ತಮುತ್ತಲ ಜಮೀನು ಬಂತು. ಗಂಡ ಹೆಂಡತಿ ಇಬ್ರೂ ರೋಮ್ ಯಾತ್ರೆಗೆ ಹೊರಟ್ರು, ಹೆಂಡತಿ ಹೆಸರು ಗುಂಡ್ರಾಡಾ, ಆದ್ರೆ ದಾರಿಯಲ್ಲಿ ಪೋಪ್‌ಗೂ ಚಕ್ರವರ್ತಿಗೂ ಜಗಳ ಹತ್ಕೊಂಡು ಮುಂದೆ ಹೋಗೋಕಾಗದೆ ಈಗಿನ ಫ್ರಾನ್ಸಿನಲ್ಲಿರೋ ಕ್ಲೂನಿ ಮಠದಲ್ಲಿ ಉಳ್ಕೊಂಡ್ರು. ಅಲ್ಲಿನ ಶಿಸ್ತು, ಪ್ರಾರ್ಥನೆ, ಹಾಡು ಎಲ್ಲಾ ನೋಡಿ ಮನಸೋತು ನಮ್ಮೂರಿಗೂ ಒಂದಿಷ್ಟು ಸನ್ಯಾಸಿಗಳನ್ನ ಕಳಿಸಿಕೊಡಿ ಅಂತ ಕೇಳ್ಕೊಂಡ್ರು. ಬಂದಿದ್ದು ನಾಲ್ಕು ಜನ. 1077ರ ಸುಮಾರಿಗೆ ಹೀಗೆ ಶುರುವಾದ ಲೂಯಿಸ್ ಮಠ ಇಂಗ್ಲೆಂಡಿನಲ್ಲಿ ಕ್ಲೂನಿ ಪಂಥದ ಮೊದಲನೇ ಮಠ, ಆಮೇಲಾಮೇಲೆ ದೇಶದ ದೊಡ್ಡ ಶ್ರೀಮಂತ ಮಠಗಳಲ್ಲಿ ಒಂದಾಯ್ತು. ಚರ್ಚನ್ನೂ ಕ್ಲೂನಿಯ ಮಹಾ ಚರ್ಚ್ ಮಾದರಿಯಲ್ಲೇ ಎಬ್ಬಿಸಿದ್ರು, ನಾರ್ಮಂಡಿಯ ಕಾನ್ ಊರಿನ ಹಾಲಿನ ಬಣ್ಣದ ಕಲ್ಲನ್ನ ಸಮುದ್ರ ದಾಟಿಸಿ ತರಿಸಿ.

ಈಗ ಕೆಡವಿದ್ದು. 1537ರ ನವೆಂಬರ್‌ನಲ್ಲಿ ಮಠಾಧಿಪತಿ ಮಠವನ್ನ ಎಂಟನೇ ಹೆನ್ರಿಗೆ ಬರೆದುಕೊಟ್ಟ. ರಾಜ ಅದನ್ನ ತನ್ನ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ಗೆ ಕೊಟ್ಟ. ಕ್ರಾಮ್‌ವೆಲ್ ತಡ ಮಾಡ್ಲಿಲ್ಲ, ಜೊವಾನ್ನಿ ಪೋರ್ಟಿನಾರಿ ಅನ್ನೋ ಇಟಲಿಯ ಎಂಜಿನಿಯರನ್ನ ಕಳಿಸಿದ. ಈ ಪೋರ್ಟಿನಾರಿ 1538ರ ಮಾರ್ಚ್‌ನಲ್ಲಿ ಕ್ರಾಮ್‌ವೆಲ್‌ಗೆ ಬರೆದ ಪತ್ರಗಳು ಉಳಿದುಕೊಂಡಿವೆ, ಓದ್ತಾ ಇದ್ರೆ ಇವತ್ತಿನ ಸೈಟ್ ಎಂಜಿನಿಯರ್ ಬಾಸ್‌ಗೆ ಕಳಿಸೋ ವರದಿ ಥರಾನೇ ಇದೆ. ಲಂಡನ್ನಿನಿಂದ 17 ಜನ ಬಂದಿದ್ದೀವಿ, ಅದರಲ್ಲಿ 3 ಜನ ಬಡಗಿಗಳು, 2 ಕಮ್ಮಾರರು, ಸೀಸದ ಕೆಲಸದವರು 2, ಕುಲುಮೆ ನೋಡ್ಕೊಳ್ಳೋಕೆ 1. ಹತ್ತು ಜನ ಗೋಡೆಗೆ ಕೈ ಹಚ್ಚಿದ್ದಾರೆ, ಕಲ್ಲು ಕೊರೆದ ಕಡೆಗೆಲ್ಲಾ ಬಡಗಿಗಳು ಮರದ ಆಸರೆ ಕೊಡ್ತಾ ಹೋಗ್ತಾರೆ. ಅಂದ್ರೆ ಕಂಬದ ಬುಡ ಪೂರ್ತಿ ತಿಂದು ಹಾಕಿ ಮೇಲಿನ ಭಾರ ಬರೀ ಮರದ ಮೇಲೆ ನಿಲ್ಲೋ ಹಾಗೆ ಮಾಡೋದು, ಆಮೇಲೆ ಆಸರೆ ಹೋದ್ರೆ ಕಲ್ಲಿನ ಕಮಾನು ತನ್ನ ಭಾರಕ್ಕೆ ತಾನೇ ಕುಸಿಯುತ್ತೆ. ಶತ್ರುಗಳ ಕೋಟೆ ಗೋಡೆ ಉರುಳಿಸೋ ವಿದ್ಯೆ ಇದು, ಇಲ್ಲಿ ಶತ್ರು ಅಂತ ಯಾರೂ ಇರ್ಲಿಲ್ಲ ಅಷ್ಟೇ.

ಅವನ ಪತ್ರದಲ್ಲೇ ಚರ್ಚಿನ ಅಳತೆಗಳೂ ಇವೆ, ಒಳಗೆ 32 ಕಂಬ, ಎದುರಿನ ಗೋಡೆ 10 ಅಡಿ ದಪ್ಪ. ಪ್ರಧಾನ ಬಲಿಪೀಠದ ಬಲಗಡೆ 4 ದೊಡ್ಡ ಕಂಬಗಳ ಮೇಲೆ ಒಂದು ಕಮಾನು ಚಾವಣಿ, ಸುತ್ತ 5 ಚಿಕ್ಕ ಪ್ರಾರ್ಥನಾ ಮಂದಿರ, ಇಷ್ಟೂ ಗುರುವಾರ ಶುಕ್ರವಾರ ಎರಡೇ ದಿನಕ್ಕೆ ನೆಲಕ್ಕೆ ಬಂತು ಅಂತ ಬರೀತಾನೆ. ಇನ್ನೂ ಎತ್ತರದ ಚಾವಣಿ ಒಂದು ಉಳಿದಿದೆ, ಅದರ ಕಂಬಗಳು ಒಂದೊಂದೂ 14 ಅಡಿ ದಪ್ಪ, ಸುತ್ತಳತೆ 45 ಅಡಿ, ಮುಂದಿನ ಪಾಳಿ ಅದಕ್ಕೇ ಅಂತ. ಮಂಗಳವಾರದಿಂದ ಸೀಸ ಕರಗಿಸಿ ಎರಕ ಹುಯ್ಯೋದು ಶುರು ಅನ್ನೋದನ್ನೂ ಹೇಳೋಕೆ ಮರೆತಿಲ್ಲ. ಇದೊಂದು ವಿಚಿತ್ರ ನೋಡಿ, ಆ ಚರ್ಚ್ ಹೆಂಗಿತ್ತು ಅಂತ ನಮಗೆ ಗೊತ್ತಿರೋದರಲ್ಲಿ ಎಷ್ಟೋ ಭಾಗ ಅದನ್ನ ಕೆಡವಿದವನೇ ಬರೆದಿಟ್ಟಿದ್ದು.

ಅಲ್ಲೇ ಕ್ರಾಮ್‌ವೆಲ್ ಮಗ ಗ್ರೆಗರಿ ಸಂಸಾರ ಸಮೇತ ಬಂದು ಇದ್ದ. ಜಾಸ್ತಿ ದಿನ ಅಲ್ಲ. 1540ರ ಜುಲೈ 28ಕ್ಕೆ ಅಪ್ಪನ ತಲೆ ಹೋಯ್ತು, ಮಠದ ಜಮೀನು ಮತ್ತೆ ರಾಜನ ಕೈ ಸೇರಿ ಅಲ್ಲಿಂದ ಅವನು ಆಗಷ್ಟೇ ಬಿಟ್ಟಿದ್ದ ನಾಲ್ಕನೇ ಹೆಂಡತಿ ಆನ್ ಆಫ್ ಕ್ಲೀವ್ಸ್‌ಗೆ ಜೀವನಾಂಶದ ಲೆಕ್ಕದಲ್ಲಿ ಹೋಯ್ತು.

ಪ್ರಶ್ನೆ: ಧರ್ಮದ ಕಾರಣಕ್ಕೆ ಮಠ ಮುಚ್ಚಿಸಿದ್ರು ಅಂತ ಪಠ್ಯಪುಸ್ತಕದಲ್ಲಿ ಓದಿದ್ದೆ. ಹಂಗಿದ್ರೆ ಎಲ್ಲಾನೂ ಒಡೀಬೇಕಿತ್ತಲ್ವಾ? ಕೆಲವು ಕಡೆ ಅಡುಗೆಮನೆ, ಮಲಗೋ ಕೋಣೆ ಎಲ್ಲಾ ಇದೆ, ಚರ್ಚ್ ಮಾತ್ರ ಇಲ್ಲ. ಯಾಕೆ ಹಂಗೆ?

ಉತ್ತರ: ಒಳ್ಳೇ ಪ್ರಶ್ನೆ, ಇಡೀ ವಿಷಯದ ಗಂಟು ಇರೋದೇ ಇಲ್ಲಿ. ಧರ್ಮದ ಕಾರಣ ಇರ್ಲಿಲ್ಲ ಅಂತಲ್ಲ. 1534ರಲ್ಲಿ ಹೆನ್ರಿ ಪೋಪ್ ಸಂಬಂಧ ಕಡಿದು ಇಂಗ್ಲೆಂಡಿನ ಚರ್ಚಿಗೆ ತಾನೇ ತಲೆ ಅಂತ ಕಾನೂನು ಮಾಡಿಸಿಕೊಂಡ, ಪೋಪ್‌ಗೆ ನಿಷ್ಠರಾಗಿರೋ ಸನ್ಯಾಸಿಗಳ ಮೇಲೆ ಅವನಿಗೆ ಅನುಮಾನ ಇದ್ದೇ ಇತ್ತು. ಆದ್ರೆ ಮುಂದಿನ ವರ್ಷವೇ, ಅಂದ್ರೆ 1535ರಲ್ಲಿ, ದೇಶದ ಪ್ರತಿ ಮಠದ ವರಮಾನ ಎಷ್ಟು ಅಂತ ಊರೂರಿಗೆ ಅಧಿಕಾರಿಗಳನ್ನ ಕಳಿಸಿ ಪಟ್ಟಿ ಮಾಡಿಸಿದ್ದೂ ಅವನೇ. 1536ರ ಕಾನೂನು ಹೇಳಿದ್ದು ವರ್ಷಕ್ಕೆ 200 ಪೌಂಡ್‌ಗಿಂತ ಕಮ್ಮಿ ವರಮಾನದ ಮಠಗಳನ್ನ ಮುಚ್ಚಬೇಕು ಅಂತ. ಅಲ್ಲಾ, ಪಾಪ ಪುಣ್ಯಕ್ಕೆ 200 ಪೌಂಡಿನ ಗಡಿ ಎಲ್ಲಿಂದ ಬಂತು? ಲೂಯಿಸ್ ಮಠದ ವರಮಾನ 900 ಪೌಂಡ್ ದಾಟ್ತಿತ್ತು, ಅದು ಆ ಕಾನೂನಿಗೆ ಸಿಗ್ತಾನೇ ಇರ್ಲಿಲ್ಲ, ಅದಕ್ಕೇ ಇಂಥ ದೊಡ್ಡ ಮಠಗಳಿಂದ ಒಂದೊಂದಾಗಿ ಸ್ವಂತ ಇಚ್ಛೆಯಿಂದ ಒಪ್ಪಿಸಿದ್ದೀವಿ ಅಂತ ಬರೆಸಿಕೊಂಡ್ರು, 1539ರಲ್ಲಿ ಇನ್ನೊಂದು ಕಾನೂನು ಮಾಡಿ ಆ ಬರವಣಿಗೆಗಳನ್ನೆಲ್ಲಾ ಸಕ್ರಮ ಮಾಡ್ಕೊಂಡ್ರು. ಕೊನೇದಾಗಿ ವಾಲ್ಥಮ್ ಮಠ 1540ರ ಮಾರ್ಚ್ 23ಕ್ಕೆ ಹೋಯ್ತು. ನಾಲ್ಕೇ ವರ್ಷದಲ್ಲಿ ಸುಮಾರು 800 ಮಠ.

ಇನ್ನು ಚರ್ಚೇ ಯಾಕೆ ಅಂದ್ರೆ, ಬೆಲೆ ಬಾಳೋದೆಲ್ಲಾ ಅದರ ಮೇಲೇ ಇತ್ತು. ಚರ್ಚಿನ ಚಾವಣಿಗೆ ಹೊದಿಸಿದ್ದು ಸೀಸದ ಹಾಳೆ, ಗೋಪುರದಲ್ಲಿ ಕಂಚಿನ ಗಂಟೆಗಳು. ಎರಡೂ ಕರಗಿಸಿ ಮಾರಬಹುದು, ಗಂಟೆ ಲೋಹಕ್ಕೆ ಫಿರಂಗಿ ಮಾಡೋರು ಕಾಯ್ತಾ ಇದ್ರು. ಸೀಸಾನೂ ಗಂಟೆನೂ ಸಾಮಾನ್ಯವಾಗಿ ರಾಜನ ಪಾಲು, ಮಿಕ್ಕಿದ್ದು ಜಾಗ ತಗೊಂಡವನಿಗೆ. ಈ ಲೆಕ್ಕ ನೋಡೋಕೆ ಅಂತಲೇ 1536ರಲ್ಲಿ ಬೇರೆ ಒಂದು ಇಲಾಖೆ ತೆರೆದ್ರು. ಈಗ ಜಾಗ ತಗೊಂಡ ಜಮೀನ್ದಾರನ ಕಡೆಯಿಂದ ಯೋಚ್ನೆ ಮಾಡಿ, ಅವನಿಗೆ ಊಟದ ಹಾಲ್ ಬೇಕು, ಅಡುಗೆಮನೆ ಬೇಕು, ಮಠಾಧಿಪತಿ ಇದ್ದ ಮನೆಯಂತೂ ಆರಾಮಾಗಿ ಬಂಗಲೆ ಆಗುತ್ತೆ, ಕುದುರೆ ಲಾಯ, ಉಗ್ರಾಣ ಎಲ್ಲಾ ಬೇಕು. 400 ಅಡಿ ಉದ್ದದ, ಚಾವಣಿ ಕಿತ್ತ ಚರ್ಚ್ ಇಟ್ಕೊಂಡು ಏನ್ ಮಾಡ್ತಾನೆ? ಮಳೆ ಒಳಗೆ ಬರುತ್ತೆ, ಗಾರೆ ಸಡಿಲ ಆಗುತ್ತೆ, ಎರಡು ಚಳಿಗಾಲಕ್ಕೆ ಅಪಾಯ. ಕಲ್ಲಾಗಿ ಮಾರಿದ್ರೆ ನಾಲ್ಕು ಕಾಸು.

ಇದು ಬರೀ ನನ್ನ ಕುಹಕ ಅಲ್ಲ ಅನ್ನೋಕೆ ಟ್ಯೂಕ್ಸ್‌ಬರಿ ಅನ್ನೋ ಊರಿನ ಮಠದ ಚರ್ಚ್ ಇದೆ. ಅಲ್ಲಿ ಊರವರು, ಚರ್ಚಿನ ಉದ್ದನೆ ಹಜಾರದಲ್ಲಿ ಮೊದಲಿನಿಂದ ಪ್ರಾರ್ಥನೆ ಮಾಡ್ತಿದ್ದವರು ನಾವು, ಅದು ನಮ್ದು, ಮಿಕ್ಕಿದ್ದಕ್ಕೆ ದುಡ್ಡು ತಗೊಳ್ಳಿ ಅಂದ್ರು. ರಾಜನ ಕಡೆಯವರು ಹೇಳಿದ ರೇಟು 453 ಪೌಂಡ್, ಕಟ್ಟಡದ ಬೆಲೆ ಅಲ್ಲ ಅದು, ಚಾವಣಿ ಸೀಸಕ್ಕೂ ಗಂಟೆಗಳಿಗೂ ಸೇರಿ ಎಷ್ಟು ಬರುತ್ತೋ ಅಷ್ಟು. ಊರವರು ಕಟ್ಟಿದ್ರು, ಆ ಚರ್ಚ್ ಇವತ್ತೂ ನಿಂತಿದೆ. ಲೂಯಿಸ್‌ನಲ್ಲಿ ಹಂಗೆ ಕೇಳೋರು ಯಾರೂ ಇರ್ಲಿಲ್ಲ, ಮಠದ ಬಾಗಿಲ ಹತ್ರಾನೇ ಊರಿನ ಜನಕ್ಕೆ ಬೇರೆ ಚಿಕ್ಕ ಚರ್ಚ್ ಇತ್ತು.

ಪ್ರಶ್ನೆ: ಫೋಟೋಗ್ರಫಿ ಇತಿಹಾಸದಲ್ಲಿ ಲೇಕಾಕ್ ಆಬಿ ಅಂತ ಬರುತ್ತಲ್ಲ, ಅದೂ ಇಂಥದ್ದೇ ಮಠಾನಾ?

ಉತ್ತರ: ಹೌದು, ಇಂಥದ್ದೇ, ಆದ್ರೆ ಅದು ಸನ್ಯಾಸಿನಿಯರ ಮಠ. ಸಾಲ್ಸ್‌ಬರಿಯ ಕೌಂಟೆಸ್ ಎಲಾ 1232ರಲ್ಲಿ ಶುರು ಮಾಡಿದ್ದು, ಆಮೇಲೆ ಆಕೆನೇ ಅಲ್ಲಿ ಮುಖ್ಯಸ್ಥೆಯೂ ಆದ್ಲು. 1539ರಲ್ಲಿ ಮುಚ್ಚಿದ ಮೇಲೆ ವಿಲಿಯಂ ಶಾರಿಂಗ್ಟನ್ ಅನ್ನೋನು ಕೊಂಡ್ಕೊಂಡ, ನಾನು ಮೇಲೆ ಹೇಳಿದ ಲೆಕ್ಕಾಚಾರವನ್ನ ಅಕ್ಷರಶಃ ಮಾಡಿದವನು ಇವನು. ಕಂಬಸಾಲಿನ ಅಂಗಳ, ಅದರ ಸುತ್ತಲಿನ ಕೋಣೆಗಳು ಎಲ್ಲಾ ಹಂಗೇ ಉಳಿಸಿಕೊಂಡು ಮೇಲೆ ಮನೆ ಮಾಡ್ಕೊಂಡ, ಚರ್ಚನ್ನ ಮಾತ್ರ ತೆಗೆಸಿಬಿಟ್ಟ. ಬಹುಪಾಲು ಮಠಗಳಲ್ಲಿ ಚರ್ಚ್ ಅಂಗಳದ ಉತ್ತರಕ್ಕಿರುತ್ತೆ, ಲೇಕಾಕ್‌ನಲ್ಲಿ ಉಲ್ಟಾ, ದಕ್ಷಿಣಕ್ಕಿತ್ತು. ಹಂಗಾಗಿ ಚರ್ಚಿನ ಉತ್ತರದ ಗೋಡೆಯೊಂದು ಮನೆಯ ದಕ್ಷಿಣದ ಗೋಡೆಯಾಗಿ ಉಳ್ಕೊಂಡಿತು. ಮುಂದೆ ಆ ಮನೆಗೆ ವಾರಸುದಾರನಾಗಿ ಬಂದ, ಫೋಟೋಗ್ರಫಿ ಕಂಡುಹಿಡಿದವರಲ್ಲಿ ಒಬ್ಬನಾದ ಫಾಕ್ಸ್ ಟಾಲ್ಬಟ್ ಅದೇ ಕಡೆಗೆ ಹೊರಚಾಚಿದ ಕಿಟಕಿಗಳನ್ನ ಇಡಿಸಿದ, 1835ರ ಆಗಸ್ಟ್‌ನಲ್ಲಿ ಅದರಲ್ಲೊಂದರ ಚಿತ್ರ ತೆಗೆದ, ಕ್ಯಾಮೆರಾದಲ್ಲಿ ತೆಗೆದು ಇವತ್ತಿಗೂ ಉಳಿದಿರೋ ನೆಗೆಟಿವ್‌ಗಳಲ್ಲಿ ಅದೇ ಅತಿ ಹಳೇದು. ಅಂಚೆಚೀಟಿಗಿಂತ ಅಷ್ಟೇನೂ ದೊಡ್ಡದಲ್ಲ. ಆ ಕಿಟಕಿಯಿಂದ ಹೊರಗೆ ಕಾಣೋ ಹುಲ್ಲುಹಾಸಲ್ಲೇ ಚರ್ಚ್ ಇದ್ದಿದ್ದು.

ಪ್ರಶ್ನೆ: ಜನ ಸುಮ್ನೆ ನೋಡ್ತಾ ಕೂತ್ರಾ? ಅಷ್ಟು ಭಕ್ತಿ ಇದ್ದ ಕಾಲ ಅಂತಾರೆ. ಸನ್ಯಾಸಿಗಳು ಏನಾದ್ರು?

ಉತ್ತರ: ಉತ್ತರದ ಕಡೆ ಸುಮ್ನೆ ಕೂರ್ಲಿಲ್ಲ. 1536ರ ಅಕ್ಟೋಬರ್‌ನಲ್ಲಿ ಮೊದಲು ಲಿಂಕನ್‌ಶೈರ್, ಆಮೇಲೆ ಯಾರ್ಕ್‌ಶೈರ್ ಪೂರ್ತಿ ಎದ್ದುನಿಂತ್ರು, ರಾಬರ್ಟ್ ಆಸ್ಕ್ ಅನ್ನೋ ವಕೀಲ ಮುಂದಾಳು, ಯೇಸುವಿನ ಐದು ಗಾಯಗಳ ಬಾವುಟ ಹಿಡ್ಕೊಂಡು ಸಾವಿರಾರು ಜನ ಬಂದಿದ್ರು. ರಾಜನ ಕಡೆಯವರು ಮಾತುಕತೆ ಮಾಡಿ, ಕ್ಷಮಾದಾನ ಅಂದು ಎಲ್ಲರನ್ನೂ ಮನೆಗೆ ಕಳಿಸಿದ್ರು, ಮುಂದಿನ ವರ್ಷ ಇನ್ನೊಂದು ಸಣ್ಣ ಗಲಾಟೆ ಆಗಿದ್ದೇ ನೆಪ ಮಾಡಿಕೊಂಡು ಮುಖಂಡರನ್ನೆಲ್ಲಾ ಹಿಡಿದ್ರು, 1537ರ ಜುಲೈನಲ್ಲಿ ಆಸ್ಕ್‌ನ ಯಾರ್ಕ್‌ನಲ್ಲಿ ಗಲ್ಲಿಗೆ ಹಾಕಿದ್ರು. ಅದಾದ ಮೇಲೆ ಯಾರ ಉಸಿರೂ ಇಲ್ಲ.

ಆದ್ರೆ ನಿಜವಾಗ್ಲೂ ಕುತೂಹಲದ್ದು ಆಮೇಲೆ ನಡೆದಿದ್ದು. ಯಾರ್ಕ್‌ಶೈರ್‌ನ ದಕ್ಷಿಣಕ್ಕೆ ರೋಶ್ ಅಂತ ಒಂದು ಮಠ, 1538ರ ಜೂನ್‌ನಲ್ಲಿ ಮುಚ್ಚಿದ್ದು. ಹತ್ತಿರದ ವಿಕರ್ಸ್ಲಿ ಊರಿನ ಪಾದ್ರಿ ಮೈಕಲ್ ಶೆರ್‌ಬ್ರೂಕ್ ಆಗಿದ್ದನ್ನ ಎಷ್ಟೋ ವರ್ಷ ಆದ್ಮೇಲೆ, ಎಲಿಜಬೆತ್ ರಾಣಿ ಕಾಲದಲ್ಲಿ ಬರೆದಿಟ್ಟ. ಮುಚ್ಚಿದ ದಿನ ಅವನ ಚಿಕ್ಕಪ್ಪನೋ ಮಾವನೋ ಅಲ್ಲಿದ್ದ. ಒಬ್ಬ ಸನ್ಯಾಸಿ, ಸ್ನೇಹಿತನೇ, ನನ್ನ ಕೋಣೆದು ಏನಾದ್ರೂ ತಗೋ ಅಂದ. ನನಗೆ ಬೇಕಾದ್ದೇನೂ ಕಾಣ್ತಿಲ್ಲ ಅಂದಿದ್ದಕ್ಕೆ, ಹೋಗ್ಲಿ ಬಾಗಿಲಿಗೆ 2 ಪೆನ್ಸ್ ಕೊಡು, ಮಾಡಿಸೋಕೆ 5 ಶಿಲ್ಲಿಂಗ್, ಅಂದ್ರೆ 60 ಪೆನ್ಸ್, ಕೊಟ್ರೂ ಸಾಲ್ತಿರ್ಲಿಲ್ಲ ಅಂತ ಕೇಳ್ದ. ಇವನಿಗಿನ್ನೂ ಮದುವೆ ಆಗಿಲ್ಲ, ಮನೆ ಇಲ್ಲ, ಬಾಗಿಲು ತಗೊಂಡು ಏನ್ ಮಾಡೋಣ ಅಂತ ಬೇಡ ಅಂದ. ಜನ ಮುಗಿಬಿದ್ರು, ಬಾಗಿಲ ಕೊಂಡಿ, ಕಬ್ಬಿಣದ ಕೊಕ್ಕೆ, ಸಿಕ್ಕಿದ್ದೆಲ್ಲಾ. ಸೀಸ ಕರಗಿಸೋಕೆ ಉರುವಲು ಏನು ಗೊತ್ತಾ? ಸನ್ಯಾಸಿಗಳು ಕೂತು ಹಾಡ್ತಿದ್ದ ಕೆತ್ತನೆಯ ಮರದ ಆಸನಗಳು. ಬಾಣ ಬಿಟ್ರೆ ಬೀಳೋ ದೂರದಲ್ಲೇ ಬೇಕಾದಷ್ಟು ಕಾಡಿತ್ತು, ಆದ್ರೂ ಅದನ್ನೇ ಸುಟ್ರು ಅಂತ ಶೆರ್‌ಬ್ರೂಕ್ ಹೊಟ್ಟೆ ಉರ್ಕೊಂಡು ಬರೀತಾನೆ.

ಅವನ ಅಪ್ಪಾನೇ ಚರ್ಚಿನ ಮರಮುಟ್ಟು, ಗೋಪುರದ ಮರ ಎಲ್ಲಾ ಪಾಲುದಾರರ ಜೊತೆ ಸೇರಿ ಕೊಂಡಿದ್ದ. ಮಗ ದೊಡ್ಡವನಾದ ಮೇಲೆ ಕೇಳ್ದ, ಅಪ್ಪಾ, ಆ ಸನ್ಯಾಸಿಗಳ ಬಗ್ಗೆ, ಅವರ ಧರ್ಮದ ಬಗ್ಗೆ ನಿಂಗೆ ಒಳ್ಳೇ ಅಭಿಪ್ರಾಯ ಇತ್ತಾ? ಇತ್ತು, ಇಲ್ಲದೆ ಇರೋಕೆ ಕಾರಣಾನೇ ಇರ್ಲಿಲ್ಲ ಅಂದ ಅಪ್ಪ. ಹಂಗಿದ್ರೆ ಹೆಂಗೆ ಒಡೆದೆ? ಅಪ್ಪ ಹೇಳಿದ್ದು ಇಷ್ಟು: ಏನ್ ಮಾಡ್ಲಿ, ಎಲ್ಲಾ ಹೋಗುತ್ತೆ ಅಂತ ಕಾಣ್ತಿತ್ತು, ಬೇರೆಯವರಂತೆ ನಂಗೂ ಒಂದು ಪಾಲು ಬೇಡ್ವಾ, ಎಲ್ಲರೂ ಮಾಡಿದ್ದನ್ನ ನಾನೂ ಮಾಡ್ದೆ. ಆ ಕಾಲದ ಬಗ್ಗೆ ಎಷ್ಟು ದೊಡ್ಡ ಪುಸ್ತಕ ಓದಿದ್ರೂ ನನಗೆ ಈ ಅಪ್ಪ ಮಗನ ಮಾತೇ ಜಾಸ್ತಿ ನಂಬಿಕೆ ಬರೋದು.

ಸನ್ಯಾಸಿಗಳಿಗೆ ಪಿಂಚಣಿ ಕೊಟ್ರು, ಸಾಮಾನ್ಯ ಸನ್ಯಾಸಿಗೆ ವರ್ಷಕ್ಕೆ 5 ಪೌಂಡ್ ಆಸುಪಾಸು, ಮಠಾಧಿಪತಿಗಳಿಗೆ ಬಹಳ ಜಾಸ್ತಿ, ತುಂಬಾ ಜನ ಊರ ಚರ್ಚ್‌ಗಳಲ್ಲಿ ಪಾದ್ರಿಗಳಾಗಿ ಸೇರ್ಕೊಂಡ್ರು. ಸನ್ಯಾಸಿನಿಯರ ಪಾಡು ಕಷ್ಟ, ಪಿಂಚಣಿ ಕಮ್ಮಿ, ಪಾದ್ರಿ ಆಗೋ ಹಾಗಿಲ್ಲ, ಬ್ರಹ್ಮಚರ್ಯದ ಪ್ರತಿಜ್ಞೆ ಮುರಿಯೋ ಹಾಗಿಲ್ಲ ಅಂತ 1539ರಲ್ಲಿ ಕಾನೂನು ಬೇರೆ ಬಂತು. ಎದುರು ನಿಂತ ದೊಡ್ಡ ಮಠಾಧಿಪತಿಗಳು ಮೂವರು, ಗ್ಲಾಸ್ಟನ್‌ಬರಿ, ರೆಡಿಂಗ್, ಕೋಲ್ಚೆಸ್ಟರ್‌ನವರು, ಮೂವರನ್ನೂ 1539ರ ಚಳಿಗಾಲದ ಹೊತ್ತಿಗೆ ಗಲ್ಲಿಗೇರಿಸಿದ್ರು.

ಪ್ರಶ್ನೆ: ಅಷ್ಟು ಕಲ್ಲು ಎಲ್ಲಿ ಹೋಯ್ತು? ಕಲ್ಲು ಕರಗಲ್ವಲ್ಲ.

ಉತ್ತರ: ಎಲ್ಲಿ ಹೋಯ್ತು ಅನ್ನೋದು ಗಾಡಿ ಎಷ್ಟು ದೂರ ಹೋಗಬೇಕು ಅನ್ನೋದರ ಮೇಲೆ ನಿಂತಿತ್ತು. ಚೌಕ ಕಡಿದ ಕಲ್ಲು, ಅದೂ ಕಾನ್ ಕಲ್ಲಿನಂಥದ್ದು, ಹೊಸದಾಗಿ ಗಣಿಯಿಂದ ತರಿಸಿದ್ರೆ ಕಲ್ಲಿಗಿಂತ ಸಾಗಾಣಿಕೆಯೇ ಜಾಸ್ತಿ. ಪಕ್ಕದಲ್ಲೇ ರೆಡಿ ಸಿಕ್ರೆ ಯಾರು ಬಿಡ್ತಾರೆ? ಲೂಯಿಸ್‌ನಲ್ಲಿ ಸೌತ್‌ಓವರ್ ಗ್ರೇಂಜ್ ಅಂತ ಒಂದು ಚೆಂದದ ಮನೆ ಇದೆ, 1572ರಲ್ಲಿ ಕಟ್ಟಿದ್ದು, ಮಠದ ಕಲ್ಲಿಂದ. ದಿನಚರಿ ಬರೆದು ಹೆಸರಾದ ಜಾನ್ ಈವ್ಲಿನ್ ಹುಡುಗನಾಗಿದ್ದಾಗ ಇದ್ದಿದ್ದು ಆ ಮನೆಯಲ್ಲೇ.

ಎಲ್ಲಕ್ಕಿಂತ ಆತುರದ್ದು ಲಂಡನ್ ಹತ್ರದ ಮರ್ಟನ್ ಮಠದ ಕಥೆ. ಸಾಮಾನ್ಯ ಜಾಗ ಅಲ್ಲ ಅದು, ಮುಂದೆ ಕ್ಯಾಂಟರ್‌ಬರಿಯ ಆರ್ಚ್‌ಬಿಷಪ್ ಆದ ಥಾಮಸ್ ಬೆಕೆಟ್ ಓದಿದ್ದು ಅಲ್ಲಿ, 1236ರ ಮರ್ಟನ್ ಶಾಸನ ಅಂತ ಕಾನೂನು ಓದಿದವರಿಗೆ ಗೊತ್ತಿರುತ್ತೆ, ಅದು ಆಗಿದ್ದು ಅಲ್ಲಿ. 1538ರ ಏಪ್ರಿಲ್ 16ಕ್ಕೆ ಮಠ ರಾಜನ ಕೈಗೆ ಬಂತು, ಏಪ್ರಿಲ್ 22ಕ್ಕೆ ಕೆಲವೇ ಮೈಲಿ ಆಚೆ ರಾಜನ ಹೊಸ ಅರಮನೆ ನಾನ್‌ಸಚ್‌ನ ಕೆಲಸ ಶುರು. ಒಂದು ವಾರಾನೂ ಇಲ್ಲ. 3,600 ಟನ್‌ಗೂ ಮೀರಿ ಕಲ್ಲು ಗಾಡಿಗಳಲ್ಲಿ ಹೋಯ್ತು, ಕೆತ್ತನೆ ಇದ್ದಿದ್ದು ಇಲ್ಲದ್ದು ನೋಡದೆ ಪಾಯಕ್ಕೆ ಸುರಿದ್ರು. ಆ ಅರಮನೆ ಕಟ್ಟೋಕೆ ಕಡಿಂಗ್ಟನ್ ಅನ್ನೋ ಹಳ್ಳಿನೂ ಅದರ ಚರ್ಚೂ ಎತ್ತಿ ಹಾಕಿದ್ರು ಅನ್ನೋದು ಬೇರೆ. ಇಷ್ಟೆಲ್ಲಾ ಮಾಡಿದ ನಾನ್‌ಸಚ್ ಎಷ್ಟು ದಿನ ಬಾಳ್ತು? ಎರಡನೇ ಚಾರ್ಲ್ಸ್ ಅದನ್ನ ತನ್ನ ಪ್ರೇಯಸಿ ಬಾರ್ಬರಾ ವಿಲಿಯರ್ಸ್‌ಗೆ ಕೊಟ್ಟ, ಆಕೆ 1682ರಲ್ಲಿ ಸಾಲ ತೀರಿಸೋಕೆ ಅದನ್ನೂ ಒಡೆಸಿ ಮಾರಿದ್ಲು. 1959ರಲ್ಲಿ ಅರಮನೆ ಜಾಗ ಅಗೆದಾಗ ಪಾಯದಲ್ಲಿ ಸಿಕ್ಕಿದ್ದು ಮರ್ಟನ್ ಚರ್ಚಿನ ಕೆತ್ತನೆ ಕಲ್ಲುಗಳು, 420 ವರ್ಷ ಮಣ್ಣೊಳಗೆ ಇದ್ದಿದ್ದರಿಂದ ಚೆನ್ನಾಗೇ ಇದ್ವು.

ಹಲ್ ಬಂದರಿನ ಹತ್ರ ಮ್ಯೂಸ್ ಅಂತ ಇನ್ನೊಂದು ಮಠ, ಅದರ ಕಲ್ಲು 1540ರ ದಶಕದಲ್ಲಿ ಹಲ್ ಕೋಟೆ ಕಟ್ಟೋಕೆ ಹೋಯ್ತು, ಈಗ ಹೊಲದಲ್ಲಿ ಉಬ್ಬು ತಗ್ಗು ಬಿಟ್ರೆ ಏನೂ ಇಲ್ಲ. ಅದೇ ಯಾರ್ಕ್‌ಶೈರ್‌ನ ಫೌಂಟನ್ಸ್, ರೀವೋ ಮಠಗಳ ಚರ್ಚ್‌ಗಳು ಚಾವಣಿ ಇಲ್ಲದೆ ಆದ್ರೂ ಆಕಾಶಕ್ಕೆ ನಿಂತಿವೆ, ಕ್ಯಾಲೆಂಡರ್ ಫೋಟೋಗಳಲ್ಲಿ ನೀವು ನೋಡೋದು ಅವನ್ನೇ. ಅವು ಸಿಸ್ಟರ್ಷಿಯನ್ ಪಂಥದವು, ಜನರಿಂದ ದೂರ ಕಣಿವೆಗಳಲ್ಲಿ ಇರಬೇಕು ಅನ್ನೋದು ಆ ಪಂಥದ ಕಟ್ಟುಪಾಡು. ದೂರ ಇದ್ದಿದ್ದಕ್ಕೆ ಕಲ್ಲು ಕೇಳೋ ಗಿರಾಕಿಗಳೂ ಕಮ್ಮಿ. ಮ್ಯೂಸ್ ಕೂಡ ಅದೇ ಪಂಥದ್ದೇ, ಆದ್ರೆ ಪಕ್ಕದಲ್ಲಿ ರಾಜನಿಗೆ ಕೋಟೆ ಬೇಕಾಗಿತ್ತು.

ಪ್ರಶ್ನೆ: ಇಂಥ ಜಾಗಗಳಲ್ಲಿ ನಿಧಿ ಸಿಗಲ್ವಾ? ಸನ್ಯಾಸಿಗಳು ಚಿನ್ನ ಹೂತಿಟ್ಟಿದ್ರು, ಸುರಂಗ ಇದೆ ಅಂತೆಲ್ಲಾ ಯೂಟ್ಯೂಬ್‌ನಲ್ಲಿ ನೋಡ್ದೆ.

ಉತ್ತರ: ಸುರಂಗ ಅಂತ ತೋರಿಸೋದೆಲ್ಲಾ ಬಹುಪಾಲು ಶೌಚಾಲಯದ ಚರಂಡಿ. ತಮಾಷೆ ಅಲ್ಲ, ಮಠಗಳಲ್ಲಿ ನೀರು ಹರಿಸೋ ಕಲ್ಲಿನ ಕಾಲುವೆಗಳನ್ನ ಆಳೆತ್ತರ ಕಟ್ಟಿರ್ತಿದ್ರು. ಚಿನ್ನ ಬೆಳ್ಳಿ ವಿಷಯಕ್ಕೆ ಬಂದ್ರೆ, ರಾಜನ ಅಧಿಕಾರಿಗಳು ಬಟ್ಟಲು ಶಿಲುಬೆ ಸಮೇತ ಔನ್ಸ್ ಲೆಕ್ಕದಲ್ಲಿ ತೂಗಿ ಬರ್ಕೊಂಡು ಹೋದವರು, ಅವರ ಕಣ್ಣು ತಪ್ಪಿಸೋದು ಸುಲಭ ಇರ್ಲಿಲ್ಲ. ಆದ್ರೂ ಅವರೇ ಮರೆತಿದ್ದು ಒಂದು ಕಡೆ ಸಿಕ್ಕಿದೆ. ರೀವೋ ಚರ್ಚಿನ ಪಶ್ಚಿಮದ ತುದಿಯಲ್ಲಿ ಬಿದ್ದ ಕಲ್ಲುಗಳನ್ನ 1923ರಲ್ಲಿ ತೆಗೆದಾಗ ಕೆಳಗೆ 4 ಸೀಸದ ಗಟ್ಟಿ, ಒಂದೊಂದೂ ಅರ್ಧ ಟನ್, ಮೇಲೆ ರಾಜನ ಗುಲಾಬಿ ಕಿರೀಟದ ಮುದ್ರೆ. ಕರಗಿಸಿ ಮುದ್ರೆ ಒತ್ತಿ ಸಾಗಿಸೋಕೆ ಇಟ್ಟಿದ್ರ ಮೇಲೆ ಗೋಡೆ ಕುಸಿದಿರ್ಬೇಕು. ಆ ಸೀಸ ಯಾರ್ಕ್ ಊರಿನ ಕತೀಡ್ರಲ್ ಯಾರ್ಕ್ ಮಿನ್ಸ್ಟರ್‌ನ ಫೈವ್ ಸಿಸ್ಟರ್ಸ್ ಅನ್ನೋ ಹಳೇ ಬಣ್ಣದ ಗಾಜಿನ ಕಿಟಕಿ ರಿಪೇರಿಗೆ ಬಳಕೆ ಆಯ್ತು.

ಪ್ರಶ್ನೆ: ಚರ್ಚ್ ಒಳಗೆ ರಾಜ ಮಹಾರಾಜರನ್ನ ಹೂಳ್ತಿದ್ರಲ್ಲ, ಆ ಸಮಾಧಿಗಳ ಗತಿ?

ಉತ್ತರ: ಅದೃಷ್ಟ ಇದ್ದವರದ್ದು ಬೇರೆ ಕಡೆ ಹೋಯ್ತು. ಬರಿ ಸೇಂಟ್ ಎಡ್ಮಂಡ್ಸ್ ಮಠದಲ್ಲಿ ಹೂತಿದ್ದ ಎಂಟನೇ ಹೆನ್ರಿಯ ಸ್ವಂತ ತಂಗಿ ಮೇರಿಯನ್ನ ಪಕ್ಕದ ಊರ ಚರ್ಚಿಗೆ ಸಾಗಿಸಿದ್ರು. ರೆಡಿಂಗ್ ಮಠ ಕಟ್ಟಿಸಿದ ಒಂದನೇ ಹೆನ್ರಿಯನ್ನ 1136ರ ಜನವರಿಯಲ್ಲಿ ಅದೇ ಚರ್ಚಿನಲ್ಲಿ ಹೂತಿದ್ರು, ಆ ಸಮಾಧಿ ಕಟ್ಟಡದ ಜೊತೆಗೇ ಕಳೆದುಹೋಯ್ತು, ಚರ್ಚಿನ ಪೂರ್ವದ ತುದಿಗೆ ಹೊಂದಿಕೊಂಡು 1844ರಲ್ಲಿ ಜೈಲು ಕಟ್ಟಿದ್ರು.

ಲೂಯಿಸ್‌ನಲ್ಲಿ 1845ರಲ್ಲಿ ಬ್ರೈಟನ್ ಕಡೆಯಿಂದ ಬರೋ ರೈಲು ದಾರಿ ನೇರ ಮಠದ ಜಾಗ ಸೀಳ್ಕೊಂಡು ಹೋಯ್ತು, ಬಲಿಪೀಠ ಇದ್ದ ಕಡೆ, ಸನ್ಯಾಸಿಗಳು ಸಭೆ ಸೇರ್ತಿದ್ದ ಕೋಣೆ ಇದ್ದ ಕಡೆ. ಅಕ್ಟೋಬರ್‌ನಲ್ಲಿ ಮಣ್ಣು ತೆಗೀತಿದ್ದ ಕೂಲಿಗಳ ಗುದ್ದಲಿಗೆ ಎರಡು ಪುಟ್ಟ ಸೀಸದ ಪೆಟ್ಟಿಗೆ ತಗುಲಿದ್ವು, ಒಳಗೆ ಮೂಳೆಗಳು, ಮುಚ್ಚಳದ ಮೇಲೆ ಒಂದರಲ್ಲಿ ಗುಂಡ್ರಾಡಾ, ಇನ್ನೊಂದರಲ್ಲಿ ವಿಲಿಯಂ ಅಂತ ಲ್ಯಾಟಿನ್‌ನಲ್ಲಿ. ಮಠ ಕಟ್ಟಿಸಿದ ಅದೇ ದಂಪತಿ! ಪೆಟ್ಟಿಗೆ ಸಣ್ಣದಿದ್ದಿದ್ದು ಯಾಕಂದ್ರೆ ಹಳೇ ಸಮಾಧಿಯಿಂದ ಮೂಳೆ ಎತ್ತಿ ಹೊಸ ಜಾಗಕ್ಕೆ ಇಟ್ಟಿದ್ದು. ಗುಂಡ್ರಾಡಾಳ ಕೆತ್ತನೆಯ ಕಪ್ಪು ಸಮಾಧಿ ಕಲ್ಲಂತೂ ಅದಕ್ಕೂ ಮುಂಚೆ, 1775ರಲ್ಲಿ, ಇಸ್‌ಫೀಲ್ಡ್ ಅನ್ನೋ ಹಳ್ಳಿ ಚರ್ಚಿನಲ್ಲಿ ಬೇರೆ ಯಾರದೋ ಸಮಾಧಿಗೆ ಹೊದಿಕೆಯಾಗಿ ಕೂತಿದ್ದು ಸಿಕ್ಕಿತ್ತು. ಈಗ ಕಲ್ಲೂ ಪೆಟ್ಟಿಗೆಗಳೂ ಲೂಯಿಸ್‌ನಲ್ಲೇ ಇರೋ ಸೌತ್‌ಓವರ್ ಅನ್ನೋ ಭಾಗದ ಚರ್ಚಿನಲ್ಲಿ ಒಟ್ಟಿಗಿವೆ.

ಮೂರನೇ ರಿಚರ್ಡ್ ವಿಷಯ ತುಂಬಾ ಜನ ಕೇಳಿದ್ದೀರ. 1485ರ ಯುದ್ಧದಲ್ಲಿ ಸತ್ತವನನ್ನ ಲೆಸ್ಟರ್‌ನ ಫ್ರಾನ್ಸಿಸ್ಕನ್ ಮಠದ ಚರ್ಚಿನಲ್ಲಿ, ಸನ್ಯಾಸಿಗಳು ಕೂರೋ ಭಾಗದಲ್ಲಿ ಹೂತಿದ್ರು ಅಂತ ಆ ಕಾಲದವರು ಬರೆದಿದ್ರು. 1538ರಲ್ಲಿ ಚರ್ಚ್ ಹೋಯ್ತು, ಎಲ್ಲಿತ್ತು ಅನ್ನೋದೂ ಮಸುಕಾಯ್ತು. 2012ರ ಆಗಸ್ಟ್‌ನಲ್ಲಿ ಕಾರ್ ಪಾರ್ಕಿಂಗ್ ಅಗೆದಾಗ ಮೊದಲ ದಿನವೇ ಮೂಳೆ ಕಂಡಿತು, ಆದ್ರೆ ಅದು ಚರ್ಚಿನ ಯಾವ ಭಾಗ ಅಂತ ಗೋಡೆಗಳ ಗುರುತು ಹಿಡಿದ ಮೇಲೇ ಅದರ ಮಹತ್ವ ಗೊತ್ತಾಗಿದ್ದು. ಸುದ್ದಿಯವರು ರಾಜ ಸಿಕ್ಕ ಅಂತ ಬರೆದ್ರು, ನಾನಾಗಿದ್ರೆ ಚರ್ಚ್ ಸಿಕ್ತು ಅಂತ ಹೆಡ್ಡಿಂಗ್ ಕೊಡ್ತಿದ್ದೆ, ಯಾರೂ ಓದ್ತಿರ್ಲಿಲ್ಲ ಬಿಡಿ.

ಪ್ರಶ್ನೆ: ಕಲ್ಲೇ ಇಲ್ಲ ಅಂದ್ಮೇಲೆ ಗೋಡೆ ಗುರುತು ಹೆಂಗೆ ಹಿಡೀತಾರೆ?

ಉತ್ತರ: ಕದ್ದವನ ಹೆಜ್ಜೆ ಹಿಡಿದು. ಪಾಯದ ಕಲ್ಲನ್ನೂ ಬಿಡದೆ ಕಿತ್ತಾಗ ಗೋಡೆ ಇದ್ದ ಉದ್ದಕ್ಕೂ ಚರಂಡಿ ಥರ ಗುಂಡಿ ಆಗುತ್ತೆ, ಅದಕ್ಕೆ ಬೇಡದ ಗಾರೆ, ಚೂರು ಕಲ್ಲು, ಒಡೆದ ಹೆಂಚು ತುಂಬುತ್ತೆ, ಸುತ್ತಲಿನ ಮಣ್ಣಿಗಿಂತ ಬಣ್ಣಾನೇ ಬೇರೆ. ಕಲ್ಲು ಉಳಿದಿರೋ ಕಡೆ ಇನ್ನೂ ಸುಲಭ, ಬೇಸಿಗೆ ಜೋರಾದಾಗ ಗೋಡೆ ಮೇಲಿನ ಹುಲ್ಲು ಬೇಗ ಒಣಗಿ ಹಳದಿ ಗೆರೆ ಬೀಳುತ್ತೆ, ವಿಮಾನದಿಂದಲೋ ಡ್ರೋನ್‌ನಿಂದಲೋ ನೋಡಿದ್ರೆ ಇಡೀ ಚರ್ಚಿನ ನಕ್ಷೆ. ನೆಲಕ್ಕೆ ಸಣ್ಣದಾಗಿ ಕರೆಂಟ್ ಹರಿಸಿ ಎಲ್ಲಿ ಅಡ್ಡಿ ಜಾಸ್ತಿ ಅಂತ ಅಳೆಯೋದು, ರೇಡಾರ್ ಬಿಡೋದು, ಇವೆಲ್ಲಾ ಅಗೆಯದೇ ನೋಡೋ ದಾರಿಗಳು. ಜೊತೆಗೆ ಮಠಗಳ ನಕ್ಷೆ ಹೆಚ್ಚುಕಮ್ಮಿ ಒಂದೇ ಥರ ಇರುತ್ತೆ, ಪೂರ್ವಕ್ಕೆ ಮುಖ ಮಾಡಿದ ಶಿಲುಬೆ ಆಕಾರದ ಚರ್ಚ್, ಪಕ್ಕದಲ್ಲಿ ಚೌಕದ ಅಂಗಳ, ಒಂದು ಮೂಲೆ ಸಿಕ್ರೆ ಮಿಕ್ಕಿದ್ದು ಎಲ್ಲಿ ಅಗೀಬೇಕು ಅಂತ ಅಂದಾಜು ಸಿಗುತ್ತೆ. ರೋಶ್‌ನಲ್ಲಿ ಮಾತ್ರ ಇನ್ನೊಂದು ತೊಡಕು ಇತ್ತು, 1770ರ ದಶಕದಲ್ಲಿ ಜಮೀನ್ದಾರರ ಉದ್ಯಾನ ವಿನ್ಯಾಸಗಾರ ಕೇಪಬಿಲಿಟಿ ಬ್ರೌನ್ ನೋಟ ಚೆನ್ನಾಗಿರ್ಲಿ ಅಂತ ಪಾಯಗಳ ಮೇಲೆಲ್ಲಾ ಮಣ್ಣು ಹಾಕಿ ಹುಲ್ಲು ಬೆಳೆಸಿಬಿಟ್ಟಿದ್ದ. ಆಮೇಲೆ ಅಗೆದು ತೆಗೆಯೋದು 20ನೇ ಶತಮಾನದವರ ಕೆಲಸ ಆಯ್ತು.

ಪ್ರಶ್ನೆ: ಮಗಳು ಬ್ರೈಟನ್‌ನಲ್ಲಿ ಓದ್ತಿದ್ದಾಳೆ, ಲೂಯಿಸ್‌ಗೆ ಹೋದ್ರೆ ನೋಡೋಕೆ ಏನಾದ್ರೂ ಇದೆಯಾ?

ಉತ್ತರ: ಇದೆ, ಟಿಕೆಟ್ ಇಲ್ಲ, ಸ್ಟೇಷನ್ನಿನಿಂದ ನಡ್ಕೊಂಡೇ ಹೋಗಬಹುದು. ಚರ್ಚ್ ಹುಡುಕೋಕೆ ಹೋದ್ರೆ ನಿರಾಸೆ, ಒಂದೆರಡು ತುಂಡು ಬಿಟ್ರೆ ಅದಿಲ್ಲ, ಉಳಿದಿರೋದರಲ್ಲಿ ದೊಡ್ಡದು ಸನ್ಯಾಸಿಗಳ ಮಲಗೋ ಕಟ್ಟಡ ಮತ್ತೆ ಅದರ ಹಿಂದಿನ ಸಾಮೂಹಿಕ ಶೌಚಾಲಯದ ಗೋಡೆಗಳು. ಸೌತ್‌ಓವರ್ ಚರ್ಚಿನಲ್ಲಿ ಗುಂಡ್ರಾಡಾಳ ಕಲ್ಲನ್ನ ತಪ್ಪಿಸಬೇಡಿ ಅನ್ನಿ. ಆನ್ ಆಫ್ ಕ್ಲೀವ್ಸ್ ಮನೆ ಅಂತ ಒಂದು ಮ್ಯೂಸಿಯಂ ಇದೆ, ಚೆನ್ನಾಗಿದೆ, ಆದ್ರೆ ಆನ್ ಅಲ್ಲಿ ಯಾವತ್ತೂ ಇರ್ಲಿಲ್ಲ. ಲಂಡನ್ ಕಡೆ ಹೋದಾಗ ಮರ್ಟನ್‌ದೂ ನೋಡಬಹುದು, ಸಭಾ ಕೋಣೆಯ ಪಾಯವನ್ನ ದೊಡ್ಡ ರಸ್ತೆಯ ಅಡಿಯಲ್ಲಿ ಕಾಪಾಡಿ ಇಟ್ಟಿದ್ದಾರೆ, ತೆರೆದಿರೋ ದಿನ ಮೊದಲೇ ನೋಡ್ಕೊಂಡು ಹೋಗೋಕೆ ಹೇಳಿ. ಚರ್ಚಿನ ಜಾಗ ಅಗೆದಾಗ 700ಕ್ಕೂ ಮಿಕ್ಕಿ ಸಮಾಧಿಗಳು ಸಿಕ್ಕಿದ್ವು, ಪಕ್ಕದಲ್ಲೇ ಈಗ ಸೂಪರ್‌ಮಾರ್ಕೆಟ್, ಅದಕ್ಕೆ ಪಾರ್ಕಿಂಗ್ ಧಾರಾಳವಾಗಿದೆ.